ಮಾದೇಗೌಡರ ಷರಾ

ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರಿರುವ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಹಳೆಯ ಕಡತದಲ್ಲಿ ನನ್ನ ಸಹಿ ನೋಡಿದರಂತೆ. "ಮೇಡಂ, ನಮ್ಮ ಡೇಟಾ ಬೇರೆ ಕೇಂದ್ರಗಳಿಗೆ ಹೋಗೋ ಈ ಕ್ರಮ ಯಾರು ಮಾಡಿದ್ದು? ಒಂದೊಂದು ಸಂಖ್ಯೆಗೂ ಒಂದು ಗುರುತು, ಅದರ ಹಿಂದೆ ಒಂದು ಷರಾ ಹಾಳೆ. ಇಷ್ಟೆಲ್ಲ ಯಾಕೆ ಬೇಕು?" ಎಂದು ಕೇಳಿದರು. ಕಾಫಿ ಕೊಟ್ಟು, ಏನೋ ಎರಡು ಮಾತು ಹೇಳಿ ಕಳಿಸಿದೆ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳುವ ವಿಷಯ ಅದಾಗಿರಲಿಲ್ಲ. ಅವರು ಹೋದ ಮೇಲೆ ಮನೆ ಮತ್ತೆ ಸುಮ್ಮನಾಯಿತು. ಆಗ ಬರೆಯಲು ಕೂತೆ.

ಬಡ್ತಿ, ವರ್ಗಾವಣೆಗಳ ಬಗ್ಗೆ ಏನೂ ಬರೆಯುವುದಿಲ್ಲ. ಬರೆಯುವಷ್ಟು ಇರಲೂ ಇಲ್ಲ. ಹುಣಸೂರಿನ ಹೊರಗಿನ ಒಂದು ಸಣ್ಣ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಾನು ಇಪ್ಪತ್ತೆಂಟು ವರ್ಷ ತಾಂತ್ರಿಕ ಸಹಾಯಕಿಯಾಗಿದ್ದೆ. ನನ್ನದು ಸಾಲಿಗ್ರಾಮದ ಕಡೆಯ ಒಕ್ಕಲು ಮನೆ. ಅಮ್ಮ ಹಾಸಿಗೆ ಹಿಡಿದಿದ್ದಳು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಮದುವೆಯ ಮಾತು ಮುಂದಕ್ಕೆ ಹೋಗುತ್ತ ಹೋಗುತ್ತ ನಿಂತೇ ಹೋಯಿತು. ಅಮ್ಮ ತೀರಿಕೊಂಡ ಮೇಲೆ ಹುಣಸೂರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಉಳಿದೆ.

ಕೆಲಸ ಶುರುವಾಗುತ್ತಿದ್ದುದು ಬೆಳಿಗ್ಗೆ ಎಂಟೂವರೆಗೆ. ಕೇಂದ್ರದ ಅಂಗಳದಲ್ಲಿ ತಂತಿಬೇಲಿಯ ಒಳಗೆ ಮಳೆಮಾಪಕ ಇತ್ತು. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ. ಬಾಟಲಿಯ ನೀರನ್ನು ಗಾಜಿನ ಅಳತೆ ಲೋಟಕ್ಕೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಎಷ್ಟು ಮಿಲಿಮೀಟರ್ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಯುಗಾದಿಯಾಗಲಿ, ಗೌರಿ ಹಬ್ಬವಾಗಲಿ, ಎಂಟೂವರೆ ಎಂದರೆ ಎಂಟೂವರೆ. ಆಮೇಲೆ ಮಣ್ಣಿನ ತೇವ, ಅದೂ ಮೂರು ಆಳದಲ್ಲಿ. ಎಲೆಗೆ ಬಿದ್ದ ರೋಗ ಎಷ್ಟೆಂದು ಸೊನ್ನೆಯಿಂದ ಒಂಬತ್ತರ ತನಕ ಅಂಕ. ಇದಲ್ಲದೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ರೈತರ ಜಮೀನಿನಲ್ಲೇ ನಮ್ಮ ಮಳೆಮಾಪಕಗಳಿದ್ದವು. ಆ ರೈತರು ದಿನಾ ಅಳೆದು, ತಿಂಗಳಿಗೊಂದು ಅಚ್ಚು ಹಾಕಿಸಿದ ಕಾರ್ಡು ತುಂಬಿ ಅಂಚೆಯಲ್ಲಿ ಕಳಿಸುತ್ತಿದ್ದರು. ಕಾರ್ಡಿನಲ್ಲಿ ಮೂರು ಕಾಲಂ: ತಾರೀಕು, ಮಳೆ, ಷರಾ.

ಷರಾ ಕಾಲಮ್ಮಿನ ಬೆಲೆ ನನಗೆ ಮೊದಲು ಗೊತ್ತಾದದ್ದು ಹೊಸ ಅಗ್ರಹಾರದ ಕಡೆಯ ಒಂದು ಹಳ್ಳಿಯಿಂದ. ತೊಂಬತ್ತರ ದಶಕದ ಮೊದಲ ವರ್ಷಗಳು. ಅಲ್ಲಿಂದ ಬರುತ್ತಿದ್ದ ಕಾರ್ಡಿನಲ್ಲಿ ಬೇಸಿಗೆಯಲ್ಲೂ ಪ್ರತಿ ಶುಕ್ರವಾರ ಎರಡು ಮಿಲಿಮೀಟರ್ ಮಳೆ. ಷರಾ ಖಾಲಿ. ಅಕ್ಕಪಕ್ಕದ ಊರುಗಳಲ್ಲಿ ಒಂದು ಹನಿಯೂ ಇಲ್ಲ. ಬಸ್ಸು ಹತ್ತಿ ಹೋಗಿ ನೋಡಿದರೆ ಮಾಪಕದ ಅಂಚಿಗೆ ಅರಿಸಿನ ಕುಂಕುಮ ಮೆತ್ತಿತ್ತು. ಮನೆಯಾಕೆ ನಾಚಿಕೊಂಡು, "ನೀರು ಇಡಿಯೋ ಸಾಮಾನು ಅಲ್ವರಾ, ಗಂಗಮ್ಮ ಅಂತ ಶುಕ್ರವಾರ ಒಂದೀಟು ನೀರಾಕಿ ಪೂಜೆ ಮಾಡ್ತೀನಿ ಕಣ್ರವ್ವ" ಎಂದರು. ಗಂಡ ಪ್ರಾಮಾಣಿಕವಾಗಿ ಅದನ್ನೂ ಅಳೆದು ಬರೆದಿದ್ದ. ನಾನು ನಗು ತಡೆಯಲಾರದೆ, ಪೂಜೆ ನಿಲ್ಲಿಸಬೇಡಿ, ಆದರೆ ಷರಾದಲ್ಲಿ "ಪೂಜೆ ನೀರು" ಅಂತ ಬರೆಯಿರಿ ಎಂದು ಹೇಳಿ ಬಂದೆ. ಅಂದಿನಿಂದ ಕೊನೆಯ ತನಕ ಹಾಗೇ ಬರೆದರು.

ಆಗ ಕೇಂದ್ರದ ಮುಖ್ಯಸ್ಥರಾಗಿದ್ದವರು ರಂಗನಾಥಯ್ಯ ಎಂಬವರು. ಕೆಟ್ಟವರಲ್ಲ, ಅವಸರದವರು. ಈ ಪೂಜೆಯ ವಿಷಯ ಹೇಳಲು ಹೋದರೆ, "ನಂಬರ್ ಕೊಡಮ್ಮ, ಕಥೆ ಬೇಡ" ಎಂದರು. ಆ ಮಾತನ್ನು ಅವರಿಂದ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಆದರೆ ನನಗೆ ಕಥೆ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ. ಎರಡು ಕಂಪ್ಯೂಟರ್ ಬಂದ ಮೇಲೆ ನನ್ನನ್ನು ಹಿಂದಿನ ಕಟ್ಟಡದ ಒಂದು ಕೋಣೆಗೆ ಹಾಕಿದರು. ಧೂಳು ಬರಬಾರದೆಂದು ಕಿಟಕಿ ಮುಚ್ಚಿ, ಚಪ್ಪಲಿ ಹೊರಗೆ ಬಿಟ್ಟು, ದಿನವಿಡೀ ಸಂಖ್ಯೆ ಒತ್ತುವುದು. ಊಟವೂ ಅಲ್ಲೇ, ಒಬ್ಬಳೇ. ಎಷ್ಟೋ ದಿನ ಬೆಳಿಗ್ಗೆ ಹಾಲಿನವನ ಹತ್ತಿರ ಆಡಿದ ಮಾತು ಬಿಟ್ಟರೆ ಸಂಜೆಯ ತನಕ ನನ್ನ ಬಾಯಿಂದ ಇನ್ನೊಂದು ಮಾತು ಹೊರಟಿರುತ್ತಿರಲಿಲ್ಲ. ತಿಂಗಳ ಮೊದಲ ವಾರ ಕಾರ್ಡುಗಳು ಬಂದಾಗ ಮಾತ್ರ ನಾಲ್ಕು ತಾಲ್ಲೂಕಿನ ಜನ ಕೋಣೆಗೆ ಬಂದು ಕೂತಂತಾಗುತ್ತಿತ್ತು. ಮೊದಲು ಷರಾ ಓದುತ್ತಿದ್ದೆ, ಆಮೇಲೆ ಸಂಖ್ಯೆ.

ಅದರಲ್ಲೂ ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಊರಿನ ಮಾದೇಗೌಡರ ಕಾರ್ಡು. ಆತ ಏಳನೇ ಕ್ಲಾಸು ಓದಿದ್ದ ರೈತ. ನಾನು ಒಂದೆರಡು ಸಲ ಮಾತ್ರ ನೋಡಿದ್ದೆ. ಕನ್ನಡ ಅಂಕಿಯಲ್ಲಿ, ದುಂಡಗೆ ಬರೆಯುತ್ತಿದ್ದರು. "೪.೨. ಕೆಂದ ಹಸು ಕರು ಹಾಕಿತು." "ಸೊನ್ನೆ. ಮೋಡ ಬಂದು ಹೋಯಿತು, ಎಲ್ಲರೂ ಬೈದರು." "೧೧.೦. ಮಗಳು ತೌರಿಗೆ ಬಂದಳು, ನೆನೆದುಕೊಂಡೇ ಬಂದಳು." ಅಳೆಯಲಾಗದ ದಿನ ಮಳೆಯ ಚೌಕವನ್ನು ಖಾಲಿ ಬಿಟ್ಟು, ಷರಾದಲ್ಲಿ ಕಾರಣ ಬರೆಯುತ್ತಿದ್ದರು. ಅಂದಾಜಿನ ಮೇಲೆ ಒಂದು ದಿನವೂ ಬರೆದವರಲ್ಲ. ಆ ಮನೆಯ ಹಸುಗಳ ಹೆಸರು ನನಗೆ ಬರುತ್ತಿತ್ತು, ನನ್ನ ಪಕ್ಕದ ಮನೆಯವರ ಹೆಸರು ಬರುತ್ತಿರಲಿಲ್ಲ.

ಮೊದಮೊದಲು ನಮ್ಮ ಸಂಖ್ಯೆಗಳು ಮೈಸೂರಿನ ದೊಡ್ಡ ಕೇಂದ್ರಕ್ಕೆ ಟೈಪು ಮಾಡಿದ ಹಾಳೆಯಲ್ಲಿ ಹೋಗುತ್ತಿದ್ದವು. ಆಮೇಲೆ ಫ್ಲಾಪಿಯಲ್ಲಿ. ಎರಡು ಫ್ಲಾಪಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಕ್ಕೆ ಮೈಸೂರಿನಿಂದ ಶ್ರೀಧರ ಎಂಬ ಎಂಜಿನಿಯರ್ ಬಂದರು. ಇನ್ನು ಮುಂದೆ ವೆಬ್ ಸರ್ವೀಸ್ ಎಂದರು. ಎಂದರೆ ಅಲ್ಲಿನ ಕಂಪ್ಯೂಟರ್ ನೇರವಾಗಿ ನಮ್ಮ ಕಂಪ್ಯೂಟರನ್ನು "ಪಿರಿಯಾಪಟ್ಟಣದ ಜೂನ್ ತಿಂಗಳ ಮಳೆ ಕೊಡು" ಎಂದು ಕೇಳುತ್ತದೆ, ನಮ್ಮದು ಕೊಡುತ್ತದೆ, ನಡುವೆ ಮನುಷ್ಯರಿಲ್ಲ. ಕೇಳುವ ಕೊಡುವ ಭಾಷೆ ಯಾವುದಿರಬೇಕು ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಬೇಕಿತ್ತು.

ಶ್ರೀಧರ ಎರಡು ದಾರಿ ತೋರಿಸಿದರು. ಒಂದು, ಬರೀ ಸಂಖ್ಯೆಗಳ ಸಾಲು. ನಡುವೆ ಅಲ್ಪವಿರಾಮ, ಅಷ್ಟೆ. ಮೂರನೆಯ ಸಂಖ್ಯೆ ಮಳೆಯೋ ಮಣ್ಣಿನ ತೇವವೋ ಎಂದು ಎರಡೂ ಕಡೆಯವರು ನೆನಪಿಟ್ಟುಕೊಂಡಿರಬೇಕು. ಇನ್ನೊಂದು ಎಕ್ಸ್‌ಎಂಎಲ್. ಅದರಲ್ಲಿ ಪ್ರತಿ ಸಂಖ್ಯೆಯ ಮುಂದೆ ಹಿಂದೆ ಪಟ್ಟಿ ಕಟ್ಟಿರುತ್ತದೆ: ಇದು ಮಳೆ, ಇದು ಮಿಲಿಮೀಟರು, ಇದು ಇಂಥ ಊರು, ಇದು ಇಂಥವರ ಷರಾ. ಏನನ್ನೂ ಬಾಯಿಪಾಠ ಮಾಡಬೇಕಿಲ್ಲ. ಆದರೆ ಒಂದು ಅಂಕಿ ಹೇಳಲು ಒಂದು ಸಾಲಿನ ಪಟ್ಟಿ. ನಮ್ಮಲ್ಲಿದ್ದದ್ದು ಟೆಲಿಫೋನ್ ತಂತಿಯ ಇಂಟರ್ನೆಟ್. ಸಾಲು ಸಂಖ್ಯೆಗಳು ಒಂದು ನಿಮಿಷದಲ್ಲಿ ಹೋದವು. ಎಕ್ಸ್‌ಎಂಎಲ್ ಕಳಿಸಹೊರಟರೆ ಅರ್ಧ ಗಂಟೆ ಎಳೆದು ಲೈನ್ ಕಟ್ಟಾಯಿತು. ಮೂರು ಸಲವೂ ಹಾಗೇ ಆಯಿತು. ರಂಗನಾಥಯ್ಯನವರು ಗಡಿಯಾರ ನೋಡತೊಡಗಿದರು.

ಆಗ ಶ್ರೀಧರ ನನ್ನ ಕಡೆ ತಿರುಗಿ ಕೇಳಿದರು: "ಮೇಡಂ, ಈ ಷರಾ ಕಾಲಂ ಬಿಟ್ಟರೆ ಸಾಲಿನಲ್ಲೇ ಕಳಿಸಬಹುದು. ಇದನ್ನ ಯಾರಾದ್ರೂ ನೋಡ್ತಾರಾ?"

ನಾನು ನೋಡುತ್ತೇನೆ ಎನ್ನಬೇಕಿತ್ತು. ಆದರೆ ನಲವತ್ತು ದಾಟಿದ ಒಂಟಿ ಹೆಂಗಸು ಕೋಣೆಯಲ್ಲಿ ಕೂತು ಯಾರದೋ ಮನೆಯ ಹಸು ಕರು ಹಾಕಿದ್ದನ್ನು ಓದುತ್ತಾಳೆ ಎಂದು ಇವರು ನಕ್ಕರೆ? "ಯಾರೂ ನೋಡಲ್ಲ" ಎಂದೆ.

"ಸರಿ, ಹಾಗಾದ್ರೆ ಇದೇ" ಎಂದು ಶ್ರೀಧರ ಬರೆದುಕೊಂಡರು. "ಇನ್ನೊಂದು, ಖಾಲಿ ಚೌಕ ಬಂದ್ರೆ ಪ್ರೋಗ್ರಾಂ ನಿಂತುಹೋಗ್ತದೆ. ಏನಾದ್ರೂ ಒಂದು ಸಂಖ್ಯೆ ಹಾಕಿಬಿಡಿ." ಏನು ಹಾಕಬೇಕೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಖಾಲಿ ಇದ್ದಲ್ಲೆಲ್ಲ ಸೊನ್ನೆ ಹಾಕುತ್ತ ಹೋದೆ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದೇ.

ಮುಂದಿನ ವರ್ಷದ ಜುಲೈ. ಮಾದೇಗೌಡರ ಕಾರ್ಡಿನಲ್ಲಿ ಹನ್ನೊಂದು, ಹನ್ನೆರಡು, ಹದಿಮೂರು, ಮೂರು ದಿನ ಮಳೆಯ ಚೌಕ ಖಾಲಿ. ಷರಾದಲ್ಲಿ: "ಆನೆ. ಮರಿ ಕಟ್ಟಿಕೊಂಡು ನಮ್ಮ ಹೊಲದಲ್ಲೇ ನಿಂತಿವೆ. ಅಳೆದಿಲ್ಲ." ಹದಿನಾಲ್ಕನೇ ತಾರೀಕು: "೧೧೮.೬. ಆನೆ ಹೋದವು. ನಾಲ್ಕು ದಿನದ್ದು ಒಟ್ಟಿಗೆ." ಎರಡೆರಡು ಸಲ ಓದಿದೆ. ಸದ್ಯ, ಯಾರಿಗೂ ಏನೂ ಆಗಲಿಲ್ಲವಲ್ಲ ಎಂದುಕೊಂಡೆ. ಹಾಗೆಂದುಕೊಂಡು ಸೊನ್ನೆ, ಸೊನ್ನೆ, ಸೊನ್ನೆ, ನೂರಹದಿನೆಂಟು ಪಾಯಿಂಟ್ ಆರು ಎಂದು ಒತ್ತಿದೆ. ಕೈಗೆ ರೂಢಿ ಬಿದ್ದಿತ್ತು.

ಮೈಸೂರಿನ ಕಂಪ್ಯೂಟರು ಸುತ್ತಲಿನ ಊರುಗಳ ಜೊತೆ ಹೋಲಿಸಿ ನೋಡಿತು. ಎಲ್ಲ ಕಡೆ ದಿನಾ ಮಳೆ ಸುರಿದಿದೆ, ಇಲ್ಲಿ ಮಾತ್ರ ಮೂರು ದಿನ ಒಣಗಿ ನಾಲ್ಕನೇ ದಿನ ಆಕಾಶವೇ ಹರಿದು ಬಿದ್ದಿದೆ. ಇಂಥದ್ದು ಆ ವರ್ಷ ಮತ್ತೆರಡು ಸಲ ಸಿಕ್ಕಿತು. ಮಳೆಗಾಲ ಮುಗಿದ ಮೇಲೆ ಅಲ್ಲಿಂದ ಒಂದು ಪಟ್ಟಿ ಬಂತು: ನಂಬಲಾಗದ ಮಾಪಕಗಳು. ನಾನು ಅಮ್ಮನ ತಿಥಿಗೆ ಸಾಲಿಗ್ರಾಮಕ್ಕೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಜೀಪು ಹೋಗಿ ಬಂದಿತ್ತು. ಮಾದೇಗೌಡರ ಮಾಪಕ, ಕೆಸರು ಮೆತ್ತಿಕೊಂಡು, ನನ್ನ ಕೋಣೆಯ ಬಾಗಿಲ ಪಕ್ಕದಲ್ಲೇ ಬಿದ್ದಿತ್ತು.

ಕಾರ್ಡು ಹಿಡಿದುಕೊಂಡು ರಂಗನಾಥಯ್ಯನವರ ಬಳಿ ಓಡಿದೆ. ಓದಿದರು. ಕಾರ್ಡನ್ನು ನನಗೇ ವಾಪಸು ಕೊಟ್ಟರು. "ಈಗ ಇದನ್ನ ಹೇಳಿದ್ರೆ ಸೊನ್ನೆ ಹಾಕಿದ್ದು ಯಾರು ಅಂತ ಕೇಳ್ತಾರಮ್ಮ. ನಮ್ಮ ಕೇಂದ್ರದ ಎಲ್ಲ ಡೇಟಾಗೂ ಅನುಮಾನ ಬರ್ತದೆ. ಒಂದು ಡಬ್ಬ ತಾನೆ, ಹೋಗಲಿ ಬಿಡು" ಎಂದರು. ನಾನು ಬಿಟ್ಟೆ. ಹೆದರಿದೆ ಎನ್ನುವುದೇ ಸರಿ.

ಆದರೂ ಕೂತಲ್ಲಿ ಕೂರಲಾಗಲಿಲ್ಲ. ಒಂದು ತಿಂಗಳಾದ ಮೇಲೆ, ರಜೆ ಹಾಕಿ, ಎರಡು ಬಸ್ಸು ಬದಲಿಸಿ ಆ ಊರಿಗೆ ಹೋದೆ. ಮಾದೇಗೌಡರು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಬೈಯಲಿಲ್ಲ. ಹೆಂಡತಿಯನ್ನು ಕರೆದು ನೀರು ಬೆಲ್ಲ ಕೊಡಿಸಿದರು. ಹೆಂಡತಿಯೇ ತಡೆಯಲಾರದೆ ಹೇಳಿದರು: "ಸುಳ್ಳು ಬರ್ದವ್ನೆ ಅಂತ ಸರ್ಕಾರದೋರು ಡಬ್ಬ ಕಿತ್ಕೊಂಡೋದ್ರು ಅಂತ ಊರೆಲ್ಲ ಆಡ್ಕತದೆ ಕಣ್ರವ್ವ. ಡೈರೀಲಿ ಆಲು ಅಳೆಯೋವಾಗ್ಲೂ ನಗ್ತಾರೆ, ಗೌಡನ ಅಳತೆ ಸರಿಯಾಗಿ ನೋಡ್ಲಾ ಅಂತ. ಈಗ ಡೈರಿಗೆ ಇವ್ರು ಓಗದೇ ಬುಟ್ಟವ್ರೆ, ನಾನೇ ಓಯ್ತೀನಿ."

ಮಾದೇಗೌಡರು ಹಗ್ಗ ಕೆಳಗಿಟ್ಟು ಕೇಳಿದರು: "ಷರಾದಲ್ಲಿ ಬರ್ದಿದ್ನಲ್ಲ ತಾಯಿ. ಓದ್ನಿಲ್ವ ನೀವು?"

"ಓದಿದೆ ಗೌಡ್ರೆ."

"ಮತ್ತೆ?"

ತಲೆ ತಗ್ಗಿಸಿ ಕೂತೆ. ಅವರೇ ಎದ್ದು ಬಸ್ಸಿನ ತನಕ ಬಂದು ಹತ್ತಿಸಿದರು. ಕೋಟೆಯ ತನಕ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಕೇಳದೆ ಒಂದು ಬಾಳೆಹಣ್ಣು ಕೊಟ್ಟಳು.

ಮುಂದೆ ಎರಡು ವರ್ಷ ನಾನು ಹಳೆಯ ಕಾರ್ಡುಗಳನ್ನೆಲ್ಲ ತೆಗೆದು, ಎಲ್ಲೆಲ್ಲಿ ಖಾಲಿಯನ್ನು ಸೊನ್ನೆ ಮಾಡಿದ್ದೆನೋ ಅಲ್ಲೆಲ್ಲ ಕೆಂಪು ಗುರುತು ಹಾಕುತ್ತ ಹೋದೆ. ಯಾರೂ ಹೇಳಿದ ಕೆಲಸವಲ್ಲ. ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಪೆನ್ಸಿಲ್ಲು. ರಂಗನಾಥಯ್ಯನವರು ನಿವೃತ್ತರಾದರು. ಅವರ ಜಾಗಕ್ಕೆ ಹೊಸದಾಗಿ ಬಂದ ವಿಜಯಾ ಮೇಡಂ ಅವರ ಎದುರು ಆ ಕಾರ್ಡಿನ ಕಂತೆ ಇಟ್ಟು, ತಪ್ಪು ನನ್ನದೇ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಇದನ್ನು ಹೇಳೋಕೆ ಎರಡು ವರ್ಷ ಬೇಕಾಯ್ತಾ?" ಎಂದರು. ಸರಿಯಾಗಿ ಬೈದರು. ಆಮೇಲೆ ಶ್ರೀಧರ ಅವರಿಗೆ ಫೋನ್ ಮಾಡಿದರು.

ಶ್ರೀಧರ ಬಂದರು. ಆ ಹೊತ್ತಿಗೆ ನಮ್ಮ ಲೈನು ಸ್ವಲ್ಪ ಸುಧಾರಿಸಿತ್ತು, ಆದರೆ ಡೇಟಾ ಅದಕ್ಕಿಂತ ಹೆಚ್ಚು ಬೆಳೆದಿತ್ತು. ಪೂರ್ತಿ ಎಕ್ಸ್‌ಎಂಎಲ್ ಆಗಲೂ ಭಾರವೇ. ಬೆಳಗಿನಿಂದ ಮಾತಾಡಿ ದಾರಿ ಕಾಣದೆ ಊಟಕ್ಕೆ ಕೂತಾಗ ನಾನು ಹೇಳಿದೆ: "ನಮ್ಮ ಅಡುಗೆಮನೇಲಿ ಡಬ್ಬದ ಮೇಲೆ ಒಂದು ಸಲ ಚೀಟಿ ಅಂಟಿಸ್ತೀವಿ, ತೊಗರಿಬೇಳೆ ಅಂತ. ನಿಮ್ಮ ಎಕ್ಸ್‌ಎಂಎಲ್ ಒಂದೊಂದು ಕಾಳಿಗೂ ಚೀಟಿ ಕಟ್ಟುತ್ತೆ. ಆವತ್ತು ನಾವು ಮಾಡಿದ್ದು ಚೀಟಿನೇ ಇಲ್ಲದ ಡಬ್ಬ. ಡಬ್ಬಕ್ಕೊಂದೇ ಚೀಟಿ ಆಗಲ್ವಾ?"

ಶ್ರೀಧರ ಅನ್ನ ಕಲಸುವುದನ್ನು ನಿಲ್ಲಿಸಿದರು. "ಆಗುತ್ತೆ ಮೇಡಂ. ವಿವರ ಎಲ್ಲ ಒಂದೇ ಸಲ ಮೇಲೆ ಎಕ್ಸ್‌ಎಂಎಲ್‌ನಲ್ಲಿ, ಸಂಖ್ಯೆಗಳು ಕೆಳಗೆ ಸಾಲಾಗಿ ಲಗತ್ತು. ಆದ್ರೆ ಖಾಲಿ ಚೌಕ?"

"ಪ್ರತಿ ಸಂಖ್ಯೆ ಪಕ್ಕದಲ್ಲಿ ಒಂದಕ್ಷರದ ಗುರುತು ಇರಲಿ. ಅಳೆದದ್ದು, ಅಳೆಯದೆ ಬಿಟ್ಟದ್ದು, ಒಟ್ಟಿಗೆ ಅಳೆದದ್ದು. ಷರಾ ಇದ್ದ ದಿನದ್ದು ಮಾತ್ರ ಬೇರೆ ಹಾಳೇಲಿ ಹೋಗಲಿ, ಅವರು ಬರೆದ ಹಾಗೇ, ಕನ್ನಡದಲ್ಲೇ."

"ಷರಾ ಯಾರು ನೋಡ್ತಾರೆ ಮೇಡಂ?" ಎಂದು ಅವರು ಮತ್ತೆ ಕೇಳಿದರು. ಕುಹಕವಿಲ್ಲದೆ ಕೇಳಿದರು.

"ನಾನು ನೋಡ್ತೀನಿ" ಎಂದೆ.

ಆ ಹೆಣ್ಣುಮಕ್ಕಳು ಕೇಳಿದ ಕ್ರಮ ಹುಟ್ಟಿದ್ದು ಹೀಗೆ. ಹಳೆಯ ತಿಂಗಳುಗಳನ್ನೂ ಮತ್ತೆ ತುಂಬಿಸಿ ಕಳಿಸಿದೆವು. ಮೈಸೂರಿನ ಪಟ್ಟಿಯಲ್ಲಿ ಮಾದೇಗೌಡರ ಹೆಸರಿನ ಮುಂದಿದ್ದ "ನಂಬಲಾಗದು" ಹೋಗಿ "ನಂಬಬಹುದು" ಬಂತು. ಮಾಪಕವನ್ನು ಮಾತ್ರ ವಾಪಸು ನೆಡಲಾಗಲಿಲ್ಲ. ಆ ಹೊತ್ತಿಗೆ ಪಕ್ಕದೂರಿನ ಶಾಲೆಯ ಮೇಲೆ ತಾನೇ ಅಳೆಯುವ ಯಂತ್ರ ಕೂರಿಸಿಬಿಟ್ಟಿದ್ದರು. ಮೈಸೂರಿನ ಕಂಪ್ಯೂಟರು ಕೊಟ್ಟ ಆ ಜುಲೈ ತಿಂಗಳ ಹಾಳೆಯನ್ನು ಅಚ್ಚು ತೆಗೆದು, ಮೊಹರು ಹಾಕಿಸಿಕೊಂಡು, ಹಿಂದಿನ ಸಂಜೆಯೇ ಕೋಟೆಗೆ ಹೋಗಿ ಗೆಳತಿಯೊಬ್ಬಳ ಮನೆಯಲ್ಲಿ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಆ ಊರಿನಲ್ಲಿ ಇಳಿದೆ.

ಮಾದೇಗೌಡರು ಹಾಳೆಯನ್ನು ದೂರ ಹಿಡಿದು ನೋಡಿದರು. ತಮ್ಮದೇ ಮಾತು ಅಚ್ಚಾಗಿದ್ದದ್ದನ್ನು ತುಟಿಯಲ್ಲೇ ಓದಿಕೊಂಡರು. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿ, "ಏಳಿ ತಾಯಿ, ಡೈರಿ ತಾವ ಓಗವ" ಎಂದರು. ಹೆಂಡತಿಯ ಕೈಯಿಂದ ಹಾಲಿನ ಕ್ಯಾನು ತಾವೇ ತೆಗೆದುಕೊಂಡರು.

ಡೈರಿಯ ಮುಂದೆ ಇಪ್ಪತ್ತು ಮೂವತ್ತು ಜನ ಸಾಲು ನಿಂತಿದ್ದರು. "ಓದಿ" ಎಂದರು ಗೌಡರು. ನಾನು ಆ ತನಕ ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ. ಓದಿದೆ. "ಹನ್ನೊಂದು, ಅಳೆದಿಲ್ಲ. ಆನೆ. ಮರಿ ಕಟ್ಟಿಕೊಂಡು ನಮ್ಮ ಹೊಲದಲ್ಲೇ ನಿಂತಿವೆ." ಕೊನೆಯ ಸಾಲಿನ ತನಕ ಓದಿ, ತಪ್ಪು ಬರೆದದ್ದು ಗೌಡರಲ್ಲ, ಕಚೇರಿಯಲ್ಲಿ ಕೂತಿದ್ದ ನಾನು ಎಂದು ಹೇಳಿದೆ.

ಹಿಂದಿನಿಂದ ಒಬ್ಬ, "ಔದು ಕಣ್ಲಾ, ಆ ವರ್ಸ ಆನೆ ನಿಂತಿದ್ವು. ನಮ್ ರಾಗಿ ಪೈರೆಲ್ಲ ತುಳ್ದಾಕಿದ್ವು" ಎಂದ. ಹಾಲು ಅಳೆಯುವವನು ಮಾದೇಗೌಡರ ಕ್ಯಾನಿಗೆ ಕೈ ಚಾಚಿ, "ಕೊಡಿ ಗೌಡ್ರೆ, ನೀವೇ ಯೋಳಿ ಎಷ್ಟದೆ ಅಂತ, ಬರ್ಕತೀನಿ" ಎಂದ. ಗೌಡರು ಅಳತೆ ಹೇಳಲಿಲ್ಲ. "ಅಳೀಲಾ" ಎಂದರು.

ನಾನು ನಿವೃತ್ತಳಾಗುವ ಹಿಂದಿನ ತಿಂಗಳು, ಹೇಳದೆ ಕೇಳದೆ, ಮಾದೇಗೌಡರು ಹುಣಸೂರಿಗೆ ಬಂದರು. ಅಷ್ಟು ವರ್ಷ ಕಾರ್ಡು ಹೋಗುತ್ತಿದ್ದ ಜಾಗ ಹೇಗಿದೆ ಎಂದು ನೋಡಬೇಕಿತ್ತಂತೆ. ಚಪ್ಪಲಿ ಹೊರಗೆ ಬಿಟ್ಟು ಕೋಣೆಗೆ ಬಂದು ಕೂತರು. ಅವರ ಕಾರ್ಡುಗಳ ಕಪಾಟು ತೋರಿಸಿದೆ, ಕಂಪ್ಯೂಟರ್ ತೋರಿಸಿದೆ. ನನ್ನ ಡಬ್ಬಿಯ ಅನ್ನವನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಮಳೆ ಅಳೆಯುವುದನ್ನು ಚೆನ್ನಾಗಿ ಬಲ್ಲವರಲ್ಲವೆ, ಕೈ ತೊಳೆದು ಬಂದು, "ನಿಮ್ದು ಕೊಡಿ, ನೋಡವ" ಎಂದು ಕೇಂದ್ರದ ಅಂಗಳದ ರಿಜಿಸ್ಟರುಗಳನ್ನು ಕೇಳಿದರು. ರಜೆಯ ದಿನ ಬೇರೆಯವರು ಬರೆದದ್ದು ಬಿಟ್ಟರೆ, ಇಪ್ಪತ್ತೆಂಟು ವರ್ಷ ನಾನು ಎಂಟೂವರೆಗೆ ಬರೆದವು.

ಬೆರಳಿಟ್ಟು ಒಂದೊಂದೇ ಪುಟ ನೋಡಿದರು. ತಾರೀಕು, ಮಳೆ, ಷರಾ. ಇನ್ನೊಂದು ಪುಟ, ಇನ್ನೊಂದು ಪುಸ್ತಕ. ಅಳತೆ ಎಲ್ಲ ಚೊಕ್ಕ, ಒಂದು ದಿನವೂ ತಪ್ಪಿಲ್ಲ. ಮೂರನೆಯ ಕಾಲಂ ಮೇಲಿಂದ ಕೆಳಗಿನ ತನಕ ಬೆಳ್ಳಗಿತ್ತು. ಅಮ್ಮ ಸತ್ತ ದಿನದ ಪುಟವೂ ಬಂತು. ಅಲ್ಲೂ ಏನೂ ಇರಲಿಲ್ಲ, ಮಳೆ ೦.೮ ಎಂದಿತ್ತು.

ಅವರು ಪುಸ್ತಕ ಮುಚ್ಚಲಿಲ್ಲ. ತಲೆ ಎತ್ತಿ, ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದರು: "ಇಷ್ಟು ವರ್ಸದಲ್ಲಿ ನಿಮ್ಗೇನೂ ಆಗ್ನೇ ಇಲ್ವ ತಾಯಿ?"

ಅವರನ್ನು ಬಸ್ಸು ಹತ್ತಿಸಿ ವಾಪಸು ಬಂದೆ. ಅವರು ಬಂದ ಆ ದಿನದ ಪುಟ ತೆಗೆದೆ. ಮಳೆ ಸೊನ್ನೆ ಎಂದು ಬೆಳಿಗ್ಗೆಯೇ ಬರೆದಿದ್ದೆ, ಅದು ಅಳೆದೇ ಬರೆದ ಸೊನ್ನೆ. ಪಕ್ಕದ ಕಾಲಮ್ಮಿನಲ್ಲಿ, ಓದಲು ಬರುವ ಹಾಗೆ ಬರೆದೆ: "ಮಾದೇಗೌಡರು ಬಂದಿದ್ದರು. ಇಬ್ಬರೂ ಊಟ ಮಾಡಿದೆವು."